ಭಾನುವಾರವೂ ನಾಲ್ಕೇ ಸೆಕೆಂಡು

ಜನವರಿ 9

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಡಬ್ಬಿ ಬಿಚ್ಚು! ಹತ್ತಿಯ ಒಳಗೆ ಮಲಗಿರುವುದು ನಮ್ಮ ಹೊಸ ವಾಚು. ಬೆನ್ನಿನ ಮೇಲೆ ಏಳು ಅಂತ ನಂಬರು ಕೊರೆದಿದೆ. ಕೀಲಿ ಕೊಟ್ಟು ಓಡಿಸುವುದು. ಚಕ್ರ, ಸ್ಪ್ರಿಂಗು, ಮುಳ್ಳು ಎಲ್ಲವೂ ನಮ್ಮ ಕಾರ್ಖಾನೆಯಲ್ಲೇ ತಯಾರಾದ ಮೊದಲ ವಾಚು ಇದು. ಸಮಯ ಹೊಂದಿಸಿದವಳು ಯಾರು ಗೊತ್ತಾ? ಹುಟ್ಟಿದಾಗಿನಿಂದ ನೀವೆಲ್ಲ 'ಗಡಿಬಿಡಿ' ಅಂತ ಕರೆಯುವ ನಿನ್ನ ತಂಗಿ!

ಹದಿನೈದು ದಿನ ಇದನ್ನು ಮಗುವಿನ ಹಾಗೆ ನೋಡಿಕೊಂಡಿದ್ದೇನೆ. ಕೀಲಿ ವಾಚಿನ ಬುದ್ಧಿ ನಿನಗೆ ಗೊತ್ತಿಲ್ಲ. ಮಲಗಿಸಿದರೆ ಒಂದು ಓಟ, ನಿಲ್ಲಿಸಿದರೆ ಇನ್ನೊಂದು. ಈ ಏಳನೇ ನಂಬರು ಮುಖ ಮೇಲಾಗಿ ಮಲಗಿದ್ದರೆ ದಿನಕ್ಕೆ ನಾಲ್ಕು ಸೆಕೆಂಡು ಮುಂದೆ ಹೋಗುತ್ತೆ, ಕೈ ಇಳಿಬಿಟ್ಟ ಹಾಗೆ ತೂಗುಹಾಕಿದರೆ ಐದು ಸೆಕೆಂಡು ಹಿಂದೆ ಬೀಳುತ್ತೆ. ಕೈಗೆ ಕಟ್ಟಿಕೊಂಡು ಓಡಾಡಿದಾಗ ಅದೂ ಇದೂ ಸೇರಿ ಸರಿಹೋಗಬೇಕು. ಹೋಗುತ್ತೋ ಇಲ್ಲವೋ ನೋಡೋಣ ಅಂತ ಹತ್ತು ವಾಚನ್ನು ಹತ್ತು ಜನರಿಗೆ ಕೊಟ್ಟಿದ್ದಾರೆ. ಒಬ್ಬ ಗಾರೆ ಕೆಲಸದವನು, ಒಬ್ಬ ಬಸ್ ಕಂಡಕ್ಟರು, ಒಬ್ಬ ನರ್ಸು, ಹೀಗೆ. "ವಾಚಿಗೆ ಚೆನ್ನಾಗಿ ಏಟು ಬೀಳುವಂಥ ಕೆಲಸ ಮಾಡೋರು ಯಾರಾದ್ರೂ ಇದ್ದಾರಾ?" ಅಂತ ನಮ್ಮ ಮೇಲ್ವಿಚಾರಕರು ಕೇಳಿದ್ದೇ ತಡ, ಕೈ ಎತ್ತಿಬಿಟ್ಟೆ. "ನಮ್ಮಕ್ಕ ಅಂಚೆ ಹಂಚೋಳು ಸಾರ್. ದಿನಕ್ಕೆ ಇಪ್ಪತ್ತು ಕಿಲೋಮೀಟರು ಸೈಕಲ್ಲು, ಅದೂ ಕಲ್ಲು ಹಾಸಿದ ಬೀದಿಯಲ್ಲಿ!"

ನೀನು ಮಾಡಬೇಕಾದ್ದು ಇಷ್ಟೇ. ಕೆಲಸಕ್ಕೆ ಹೋಗುವಾಗ ಕಟ್ಟಿಕೋ. ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಬರುವ 'ಪೀಂ' ಸದ್ದಿಗೆ ವಾಚು ಎಷ್ಟು ಸೆಕೆಂಡು ಮುಂದಿದೆ, ಎಷ್ಟು ಹಿಂದಿದೆ ಅಂತ ಈ ಪುಸ್ತಕದಲ್ಲಿ ಬರಿ. ಹಿಂದಿನ ದಿನ ಎಷ್ಟು ಹೊತ್ತು ಕಟ್ಟಿದ್ದೆ ಅಂತ ಪಕ್ಕದಲ್ಲಿ ಬರಿ. ಕೀಲಿ ಕೊಡು. ಮುಳ್ಳು ಮಾತ್ರ ಮುಟ್ಟಬೇಡ, ನನ್ನಾಣೆ.

ಈ ಕೆಲಸಕ್ಕೆ ಸೇರುವಾಗ ನೀನು "ಸೆಕೆಂಡು ಎಣಿಸಿ ಯಾರಿಗೆ ಏನಾಗಬೇಕೇ?" ಅಂದಿದ್ದೆ. ಈಗ ಎಣಿಸು!

ಅಮ್ಮ, ನಾನು ಚೆನ್ನಾಗಿದ್ದೇವೆ. ಭಾವನಿಗೆ ನಮಸ್ಕಾರ.

ಗಡಿಬಿಡಿ

*

ಜನವರಿ 19

ಪ್ರೀತಿಯ ಗಡಿಬಿಡಿ,

ಡಬ್ಬಿ ಬಂತು. ನೋಡಿದರೆ ಕಣ್ಣಿಗೆ ತಂಪು. ನಿನ್ನ ಭಾವ ಅದನ್ನು ಕಿವಿಗೆ ಹಿಡಿದು ಹತ್ತು ನಿಮಿಷ ಕೂತಿದ್ದರು. "ಇಡೀ ದಿನ ಅಚ್ಚಿನ ಮೆಷಿನ್ನಿನ ಗದ್ದಲ ಕೇಳೋ ಕಿವಿಗೆ ಇದು ಸಂಗೀತ ಕಣೇ" ಅಂದರು.

ಬರೆದಿಡಲು ಶುರು ಮಾಡಿದ್ದೇನೆ. ಸೈಕಲ್ಲು ಎಂದಿನಂತೆ. ಬ್ರೆಡ್ಡಿನ ಅಂಗಡಿಯ ತಿರುವಿನಿಂದ ಮೇಲಿನ ಬೀದಿಯವರೆಗೂ ಕಲ್ಲು, ಹಲ್ಲು ಕಟಕಟ ಅನ್ನುತ್ತೆ. ಮೂಲೆಮನೆಯ ಕರಿನಾಯಿ ಈಗಲೂ ನನ್ನ ಚೀಲವನ್ನೇ ಗುರಿಯಿಟ್ಟು ಬರುತ್ತೆ. ವಾಚಿಗೆ ಏನೂ ಆಗಿಲ್ಲ.

ಅಮ್ಮನಿಗೆ ಕಾಲುನೋವು ಹೇಗಿದೆ? ನಾನು ಈ ಬೇಸಿಗೆಗೆ ಬರಲಾಗುವುದಿಲ್ಲ, ರಜೆ ಇಲ್ಲ ಅಂತ ಹೇಳು. ನೀವೂ ಈಗ ಬರುವುದು ಬೇಡ, ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ.

ಅಕ್ಕ

*

ಫೆಬ್ರವರಿ 24

ಅಕ್ಕಾ, ಅಕ್ಕಾ, ಅಕ್ಕಾ!

ನಿನ್ನ ಪುಸ್ತಕ ಬಂತು. ನನ್ನ ಕಾಲು ನೆಲದ ಮೇಲಿಲ್ಲ! ಮೂವತ್ತು ದಿನ, ದಿನಕ್ಕೆ ನಾಲ್ಕು ಸೆಕೆಂಡು ಮುಂದೆ. ನಾಲ್ಕು, ನಾಲ್ಕು, ಐದು, ನಾಲ್ಕು. ಹತ್ತು ಸೆಕೆಂಡಿನ ಒಳಗಿದ್ದರೆ ಪಾಸು ಅನ್ನುವುದು ನಮ್ಮ ಮಿತಿ. ಮಿತಿಯ ಮಾತು ಬಿಡು, ನಿನ್ನದು ಅಲ್ಲಾಡಲೇ ಇಲ್ಲ! ಆ ಕಲ್ಲುಬೀದಿಯಲ್ಲಿ!

ನಮ್ಮ ಮೇಲ್ವಿಚಾರಕರನ್ನು ನಾವು ಹಿಂದಿನಿಂದ ದುರ್ಬೀನಪ್ಪ ಅಂತ ಕರೆಯುವುದು. ವಾಚು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಊಟಕ್ಕೂ ಬರುತ್ತಾರೆ. ನಗುವುದು ವರ್ಷಕ್ಕೆ ಒಂದು ಸಲ. ನಿನ್ನ ಪುಸ್ತಕ ನೋಡಿ ಈ ವರ್ಷದ ನಗು ಮುಗಿಸಿಬಿಟ್ಟರು. "ಇದು ಚಿನ್ನ ಕಣಮ್ಮಾ" ಅಂತ ದೊಡ್ಡ ಸಾಹೇಬರ ಕೋಣೆಗೆ ತಾವೇ ಹಿಡಿದುಕೊಂಡು ಹೋದರು. ಜಾಹೀರಾತಿನಲ್ಲಿ 'ಅಂಚೆಯಮ್ಮನ ಸೈಕಲ್ಲಿಗೂ ಜಗ್ಗದ ವಾಚು' ಅಂತ ಹಾಕುತ್ತಾರಂತೆ!

ಬೇರೆಯವರದು ಕೇಳು. ಗಾರೆಯವನ ವಾಚು ಮೂರನೇ ದಿನವೇ ಸುಣ್ಣದ ಡಬ್ಬಿಗೆ ಬಿತ್ತು. ಕಂಡಕ್ಟರು ಹೆಂಡತಿಗೆ ಕೊಟ್ಟುಬಿಟ್ಟಿದ್ದಾನೆ. ಉಳಿದವರು ಮೆತ್ತಗಿನ ಕೆಲಸದವರು, ಎಲ್ಲರದೂ ಚೆನ್ನಾಗಿದೆ. ಆದರೂ ನಮ್ಮ ನಂಬಿಕೆಯೆಲ್ಲ ಏಳನೇ ನಂಬರಿನ ಮೇಲೆ. ಏಪ್ರಿಲ್ ಐದಕ್ಕೆ ಸಭೆ. ಅಲ್ಲಿ ಒಪ್ಪಿಗೆ ಸಿಕ್ಕರೆ ಒಂದೇ ಸಲಕ್ಕೆ ಐದು ಸಾವಿರ ವಾಚು!

ನೀನು ಮಾತ್ರ ಎರಡು ಸಾಲು ಬರೆದು ಸುಮ್ಮನಾಗುತ್ತೀಯ. ಕಾಗದ ಹಂಚುವವಳಿಗೇ ಕಾಗದದ ಬರವಾ?

ಗಡಿಬಿಡಿ

*

ಮಾರ್ಚ್ 5

ಗಡಿಬಿಡಿ,

ಖುಷಿಯಾಯಿತು. ಆದರೆ ಜಾಹೀರಾತು ಗೀಹೀರಾತು ಬೇಡ ಅಂತ ನಿಮ್ಮ ದುರ್ಬೀನಪ್ಪನವರಿಗೆ ಹೇಳು. ನಾನೊಬ್ಬಳು ಬರೆದಿದ್ದನ್ನು ನಂಬಿಕೊಂಡು ಅಷ್ಟೆಲ್ಲ ಯಾಕೆ? ಇನ್ನೂ ನಾಲ್ಕು ಜನಕ್ಕೆ ಕೊಟ್ಟು ನೋಡಲಿ.

ಕೆಲಸ ಜಾಸ್ತಿ. ಹೆಚ್ಚು ಬರೆಯಲು ಆಗುತ್ತಿಲ್ಲ.

ಅಕ್ಕ

*

ಮಾರ್ಚ್ 14

ಅಕ್ಕಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓರೆಕೋರೆ ಆದರೆ ಅದಕ್ಕೇ.

ಸಭೆಗೆ ನಕ್ಷೆ ಬರೆಯುವ ಕೆಲಸ ನನಗೇ ಬಂತು. ದೊಡ್ಡ ಕಾಗದ ಹರಡಿ, ನಿನ್ನ ಒಂದೊಂದು ದಿನಕ್ಕೂ ಒಂದೊಂದು ಚುಕ್ಕಿ ಇಡುತ್ತಾ ಹೋದೆ. ಭಾನುವಾರಗಳಿಗೆ ಕೆಂಪು ಚುಕ್ಕಿ. ಭಾನುವಾರ ನಿನಗೆ ರಜೆ, ಸೈಕಲ್ಲಿಲ್ಲ. ಆ ದಿನದ ಓಟ ಬೇರೆ ಇರಲೇಬೇಕು. ಆದರೆ ನಿನ್ನ ಪುಸ್ತಕದಲ್ಲಿ ಭಾನುವಾರವೂ ನಾಲ್ಕು, ಸೋಮವಾರವೂ ನಾಲ್ಕು. ಹಳೆಯ ದಾಖಲೆ ತೆಗೆದು ನೋಡಿದೆ. ಮುಖ ಮೇಲಾಗಿ ಮಲಗಿಸಿದರೆ ನಾಲ್ಕು ಸೆಕೆಂಡು ಮುಂದೆ. ನಾನೇ ಬರೆದದ್ದು!

ನೀನು ಅದನ್ನು ಒಂದು ದಿನವೂ ಕಟ್ಟಿಲ್ಲ. ಎಲ್ಲೋ ಮಲಗಿಸಿಟ್ಟಿದ್ದೀಯ. 'ಎಂಟರಿಂದ ಐದು, ಸೈಕಲ್' ಅಂತ ದಿನವೂ ಸುಳ್ಳು ಬರೆದಿದ್ದೀಯ.

ಕಟ್ಟಲು ಇಷ್ಟವಿಲ್ಲದಿದ್ದರೆ ವಾಪಸು ಕಳಿಸಬಹುದಿತ್ತು. ನನ್ನ ಕೆಲಸ ನಿನಗೆ ಈಗಲೂ ಆಟ ಅಲ್ಲವಾ? ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಈ ವಾಚಿನ ಮೇಲೆಯೇ ಅದು ನಿಂತಿದೆ.

ಸಭೆಗೆ ಇಪ್ಪತ್ತೆರಡು ದಿನ ಇದೆ. ನಿಜ ಏನು, ಒಂದು ಸಾಲು ಬರಿ ಸಾಕು.

*

ಮಾರ್ಚ್ 20

ಪುಟ್ಟಾ,

ನಿನ್ನ ಲೆಕ್ಕ ಸರಿ. ವಾಚು ಇವತ್ತಿನವರೆಗೂ ಬಟ್ಟೆ ಕಪಾಟಿನ ಮೇಲೆ ಮುಖ ಮೇಲಾಗಿ ಮಲಗಿತ್ತು. ನಾನೂ ಹಾಗೇ ಮಲಗಿದ್ದೇನೆ, ಜನವರಿ ಹದಿನಾಲ್ಕರಿಂದ.

ಗಾಬರಿ ಬೀಳಬೇಡ. ಐದನೇ ತಿಂಗಳು ನಡೆಯುತ್ತಿದೆ.

ನಿನ್ನ ಡಬ್ಬಿ ಬಂದ ದಿನವೇ ಡಾಕ್ಟರಮ್ಮ ಪರೀಕ್ಷೆ ಮಾಡಿ ಮಲಗಿಸಿದರು, ಆಮೇಲೆ ಗರ್ಭ ಜಾರದ ಹಾಗೆ ಹೊಲಿಗೆಯನ್ನೂ ಹಾಕಿದರು. "ಸೈಕಲ್ ಇರಲಿ, ಸ್ಟೂಲೂ ಹತ್ತೋ ಹಾಗಿಲ್ಲ" ಅಂದರು. ಮಂಚದ ಕಾಲಿನ ಕಡೆ ಎರಡೆರಡು ಇಟ್ಟಿಗೆ ಇಟ್ಟಿದ್ದಾರೆ. ಇಡೀ ದಿನ ಇಳಿಜಾರಿನಲ್ಲಿ ತಲೆ ಕೆಳಗೆ ಮಾಡಿಕೊಂಡು ಚಾವಣಿ ನೋಡುವುದೇ ಕೆಲಸ. ಮೊದಲ ದಿನ ವಾಚು ಕೈಗೆ ಕಟ್ಟಿಕೊಂಡೇ ಮಲಗಿದೆ. ಎರಡು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ. ಹೊತ್ತೇ ಹೋಗಲೊಲ್ಲದು. ನಿನ್ನ ಭಾವ ಬಿಚ್ಚಿ ಕಪಾಟಿನ ಮೇಲಿಟ್ಟರು. ಬೆಳಿಗ್ಗೆ ಪೀಂ ಸದ್ದಿಗೆ ಅವರೇ ನೋಡಿ ಹೇಳುತ್ತಾರೆ, ನಾನು ಬರೆಯುತ್ತೇನೆ. ಸೆಕೆಂಡಿನ ಲೆಕ್ಕದಲ್ಲಿ ಒಂದೂ ಸುಳ್ಳಿಲ್ಲ. ಸುಳ್ಳು ಪಕ್ಕದ ಸಾಲಿನಲ್ಲಿದೆ. ಮಲಗಿಸಿದರೆ ಬೇರೆ ಓಡುತ್ತೆ ಅಂತ ನೀನು ಬರೆದದ್ದು ನನ್ನ ತಲೆಯಲ್ಲಿ ನಿಲ್ಲಲೇ ಇಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಹಿಂದೆ ಮೂರು ಸಲವೂ ಗೊತ್ತಾದ ದಿನವೇ ಕುಣಿದಾಡಿಕೊಂಡು ನಿಮಗೆ ಕಾಗದ ಬರೆದೆ. ಮೂರು ಸಲವೂ ಎರಡನೇ ಕಾಗದ ಬರೆಯಬೇಕಾಯಿತು. ಆ ಎರಡನೇ ಕಾಗದ ಬರೆಯುವುದು ಎಂಥ ಕೆಲಸ ಅಂತ ನಿನಗೆ ಗೊತ್ತಾಗುವುದು ಬೇಡ. ಈ ಸಲ ಮೊದಲನೆಯದನ್ನೇ ಬರೆಯಬಾರದು ಅಂದುಕೊಂಡೆ.

ನಿನ್ನ ಕೆಲಸ ನನಗೆ ಆಟ ಅಲ್ಲ. ದಿನಕ್ಕೆ ಒಂದು ಸಲ ಆ ಪೀಂ ಸದ್ದಿಗೆ ಕಾಯುವುದು ಬಿಟ್ಟರೆ ನನಗೆ ಬೇರೆ ಕೆಲಸವೇ ಇರಲಿಲ್ಲ.

ಈಗ ಮುಂದಿನ ಮಾತು. ನನ್ನ ಬೀದಿಗೆ ಬದಲಿಗೆ ಬಂದಿರುವ ಹುಡುಗಿಯನ್ನು ಎಲ್ಲರೂ ಬಿರುಗಾಳಿ ಅನ್ನುತ್ತಾರೆ. ಸೈಕಲ್ಲಿಗೆ ಬ್ರೇಕು ಇದೆ ಅನ್ನುವುದೇ ಅವಳಿಗೆ ಗೊತ್ತಿಲ್ಲ. ಇವತ್ತು ಕಾಗದ ಕೊಡಲು ಬಂದವಳ ಕೈ ಹಿಡಿದು ವಾಚು ಕಟ್ಟಿಬಿಟ್ಟೆ. "ಇದನ್ನ ಬಿಚ್ಚಿದ್ರೆ ನೋಡು!" ಅಂದೆ. ಇನ್ನು ಮೇಲೆ ಬರುವುದು ನಿಜವಾದ ಲೆಕ್ಕ.

ನಿಮ್ಮವರಿಗೆ ಸತ್ಯ ಹೇಳು. ಸಭೆಗೆ ಮುಂಚೆಯೇ ಹೇಳು. ಅಮ್ಮನಿಗೆ ಮಾತ್ರ ಏಳನೇ ತಿಂಗಳವರೆಗೆ ಹೇಳಬೇಡ.

ಅಕ್ಕ

*

ಮಾರ್ಚ್ 29

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ಅಳು, ಎರಡನೇ ಸಲ ನಗು, ಮೂರನೇ ಸಲ ಎರಡೂ. ಐದನೇ ತಿಂಗಳು! ಆ ಸಿಟ್ಟಿನ ಕಾಗದ ಹರಿದು ಒಲೆಗೆ ಹಾಕು, ಭಾವನ ಕೈಲಿ ಹಾಕಿಸು, ನೀನು ಏಳಬೇಡ!

ಅಮ್ಮನಿಗೆ ನಾನು ಹೇಳಲಿಲ್ಲ. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಾ? ತಟ್ಟೆಯ ಮುಂದೆ ಕೂತು ಒಬ್ಬಳೇ ನಗುತ್ತಿದ್ದೆ. ಅಮ್ಮ ಐದು ನಿಮಿಷ ನೋಡಿದರು. "ಎಷ್ಟನೇ ತಿಂಗಳು?" ಅಂದರು. "ಯಾರಿಗೆ?" ಅಂದೆ. "ನಿನಗಂತೂ ಅಲ್ಲ" ಅಂದರು. ಈಗ ಹಳೆಯ ಮೆತ್ತನೆಯ ಸೀರೆ ಹುಡುಕಿ ಕತ್ತರಿಸುತ್ತಿದ್ದಾರೆ. ನೀನಾಗಿ ಬರೆಯುವವರೆಗೆ ಗೊತ್ತಿಲ್ಲದವರ ಹಾಗೇ ಇರುತ್ತಾರಂತೆ.

ದುರ್ಬೀನಪ್ಪನವರಿಗೆ ಎಲ್ಲ ಹೇಳಿದೆ. ಅವರು ಏನೂ ಅನ್ನಲಿಲ್ಲ. ಸಭೆ ಮುಂದಕ್ಕೆ ಹೋಗಿದೆ. ನನ್ನ ವಿಷಯ ಯೋಚನೆ ಮಾಡಬೇಡ, ಎಲ್ಲ ಮೊದಲಿನ ಹಾಗೇ ಇದೆ. ಬಿರುಗಾಳಿಯ ಲೆಕ್ಕ ಮಾತ್ರ ತಪ್ಪದೆ ಕಳಿಸು.

ಗಡಿಬಿಡಿ

*

ಏಪ್ರಿಲ್ 21

ಸುಳ್ಳುಬುರುಕಿ,

ಎಲ್ಲ ಮೊದಲಿನ ಹಾಗೇ ಇದೆಯಾ? ಹನ್ನೊಂದು ವರ್ಷ ಕಾಗದ ಹಂಚಿದವಳಿಗೆ ಹೇಳುವ ಮಾತಾ ಇದು? ನಿನ್ನ ಕಾಗದದ ಮೇಲೆ ಯಾವಾಗಲೂ ಮಧ್ಯಾಹ್ನದ ಮುದ್ರೆ, ಕಾರ್ಖಾನೆ ಎದುರಿನ ಅಂಚೆ ಕಚೇರಿಯದು. ಊಟದ ಬಿಡುವಿನಲ್ಲಿ ಹಾಕುತ್ತಿದ್ದೆ. ಮಾರ್ಚ್ ಕೊನೆಯಿಂದ ಬಂದ ಮೂರಕ್ಕೂ ಸಂಜೆಯ ಮುದ್ರೆ, ಅದೂ ರೈಲ್ವೆ ಗೋದಾಮಿನ ಹತ್ತಿರದ ಕಚೇರಿಯದು. ಲಕೋಟೆಯ ಅಂಟಿಗೆ ಡಬ್ಬಿ ತುಂಬುವ ಹುಲ್ಲಿನ ಎಳೆ ಮೆತ್ತಿತ್ತು. ನಿನ್ನನ್ನು ಪ್ಯಾಕಿಂಗಿಗೆ ಹಾಕಿದ್ದಾರೆ. ಹೌದೋ ಅಲ್ಲವೋ?

ನಾನು ಮುಚ್ಚಿಟ್ಟೆ ಅಂತ ನೀನೂ ಮುಚ್ಚಿಡಬೇಕಾ?

ಈಗ ಇದನ್ನು ನೋಡು. ಈ ಡಬ್ಬಿಯಲ್ಲಿ ಏಳನೇ ನಂಬರು ಇದೆ, ಬಿರುಗಾಳಿಯ ಪುಸ್ತಕವೂ ಇದೆ. ಮೊದಲ ಹತ್ತು ದಿನ ಒಂದು ಸೆಕೆಂಡು ಹಿಂದೆ, ಒಂದು ಸೆಕೆಂಡು ಮುಂದೆ, ಬಂಗಾರದಂಥ ಓಟ. ಹನ್ನೊಂದನೇ ದಿನ ಒಮ್ಮೆಲೇ ಒಂಬತ್ತು ಮುಂದೆ. ಆಮೇಲೆ ಹದಿನಾಲ್ಕು. ಇಪ್ಪತ್ತಮೂರು. ಮೊನ್ನೆ ಮೂವತ್ತೊಂದು! ಬಿರುಗಾಳಿ ಬಂದು ಮಂಚದ ಪಕ್ಕ ಕೂತು, "ಅಕ್ಕಾ, ಈ ವಾಚು ನನಗಿಂತ ಅವಸರದ್ದು. ಇದನ್ನ ನಂಬಿ ನಿನ್ನೆ ಹೋಟೆಲಿಗೆ ಹೋದ್ರೆ ಊಟಾನೇ ಆಗಿರಲಿಲ್ಲ" ಅಂದಳು. ಅದು ತಮಾಷೆ, ಲೆಕ್ಕ ಮಾತ್ರ ಸಾಚಾ. ಎಲ್ಲೂ ಬಿದ್ದಿಲ್ಲ, ನೀರು ಸೋಕಿಲ್ಲ. ಭಾನುವಾರ ಓಟ ಮತ್ತಷ್ಟು ಏರುವುದಿಲ್ಲ, ಸೈಕಲ್ ಹತ್ತಿದ ದಿನವೇ ಏರುವುದು. ನಿನ್ನ ಹಾಗೆ ನಾನೂ ಕೆಂಪು ಚುಕ್ಕಿ ಇಟ್ಟು ನೋಡಿದೆ.

ಒಳಗೆ ಏನೋ ಸಡಿಲ ಇದೆ ಪುಟ್ಟಾ. ಯಾರನ್ನೂ ಕೇಳುತ್ತಾ ಕೂರಬೇಡ. ಇದನ್ನು ತೆಗೆದುಕೊಂಡು ನೇರ ಅವರ ಮೇಜಿಗೆ ಹೋಗು.

ಅಕ್ಕ

*

ಮೇ 6

ಅಕ್ಕಾ!

ನಿನ್ನನ್ನು ಪತ್ತೇದಾರಿ ಇಲಾಖೆಗೆ ಸೇರಿಸಬೇಕಿತ್ತು. ಹೌದು, ಪ್ಯಾಕಿಂಗಿಗೆ ಹಾಕಿದ್ದರು. ದುರ್ಬೀನಪ್ಪ ಏನೂ ಅನ್ನಲಿಲ್ಲ ಅನ್ನುವುದೂ ನಿಜ. ದೊಡ್ಡ ಸಾಹೇಬರ ಮುಂದೆ ಮುಖಭಂಗ ಆಗಿತ್ತಲ್ಲ, ಒಂದು ಮಾತೂ ಆಡದೆ ಚೀಟಿ ಬರೆದು ಕೊಟ್ಟಿದ್ದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಒಂದು ತಿಂಗಳು ಡಬ್ಬಿಗೆ ಹುಲ್ಲು ತುಂಬಿದೆ. ಸೆಕೆಂಡಿರಲಿ, ಗಂಟೆಯನ್ನೂ ಯಾರೂ ಕೇಳದ ಜಾಗ ಅದು.

ನಿನ್ನ ಡಬ್ಬಿ ಬಂದ ಮರುದಿನ ಬೆಳಿಗ್ಗೆ ಗೋದಾಮಿಗೆ ಹೋಗದೆ ನೇರ ನಮ್ಮ ಹಳೆಯ ಕೋಣೆಗೆ ನುಗ್ಗಿದೆ. ಅವರು ತಲೆ ಎತ್ತಲಿಲ್ಲ. "ನಿನಗೆ ಇಲ್ಲೇನು ಕೆಲಸ?"

"ಮೂವತ್ತೊಂದು ಸೆಕೆಂಡು ಮುಂದೆ ಸಾರ್" ಅಂದೆ.

ತಲೆ ಎತ್ತಿದರು! ವಾಚಿನ ಬೆನ್ನು ಬಿಚ್ಚಿ ಬಗ್ಗಿದರು. ಆಮೇಲೆ ಕಣ್ಣಿನ ಭೂತಗನ್ನಡಿ ತೆಗೆದು, ಅಕ್ಕಾ, ಅದನ್ನು ತೆಗೆದಿದ್ದನ್ನು ನಾನು ನೋಡಿದ್ದೇ ಮೊದಲು, ನನ್ನ ಕೈಗೆ ಕೊಟ್ಟರು. "ನೋಡು."

ವಾಚಿನ ವೇಗ ಹೆಚ್ಚು ಕಡಿಮೆ ಮಾಡಲು ಒಳಗೊಂದು ಪುಟ್ಟ ಕಡ್ಡಿ ಇರುತ್ತೆ. ಅದನ್ನು ಕೂದಲೆಳೆಯಷ್ಟು ಈ ಕಡೆ ಆ ಕಡೆ ಸರಿಸುವುದೇ ನಮ್ಮ ಇಡೀ ಕಸುಬು. ನಾನು ಇಟ್ಟ ಜಾಗದಲ್ಲಿ ಅದು ಇರಲಿಲ್ಲ! ಕಡ್ಡಿಯ ಬುಡದಲ್ಲಿರುವ ಉಂಗುರದ ಹಿಡಿತ ಸಡಿಲ. ಕಲ್ಲುಬೀದಿಯ ಕುಲುಕಿಗೆ ದಿನಾ ಚೂರುಚೂರೇ ಜಾರಿಕೊಂಡು ಹೋಗಿದೆ. ಇನ್ನೊಂದು ವಾಚು ಬಿಚ್ಚಿ ಚಿಮಟದಿಂದ ಮುಟ್ಟಿದರು, ಬೆಣ್ಣೆಯಲ್ಲಿ ಹೋದ ಹಾಗೆ ಸರಿಯಿತು. ಮತ್ತೊಂದು, ಅದೂ ಅಷ್ಟೇ. ಉಂಗುರದ ಅಚ್ಚಿನಲ್ಲೇ ದೋಷ.

"ಐದು ಸಾವಿರ" ಅಂದರು. ಅಷ್ಟೇ ಅಂದಿದ್ದು. ಏಪ್ರಿಲ್ ಐದಕ್ಕೆ ಒಪ್ಪಿಗೆ ಸಿಕ್ಕಿದ್ದರೆ ಆ ಐದು ಸಾವಿರವೂ ಜನರ ಕೈಮೇಲೆ ಜಾರುತ್ತಾ ಕೂತಿರುತ್ತಿದ್ದವು!

ಉಂಗುರದ ಬಾಯಿ ಸ್ವಲ್ಪ ಕಿರಿದು ಮಾಡಿದರೆ ಹಿಡಿಯುತ್ತೆ ಅಂದೆ. "ತೀರಾ ಕಿರಿದಾದ್ರೆ ಸರಿಸೋಕೇ ಆಗಲ್ಲವಲ್ಲಮ್ಮಾ" ಅಂದರು. ಮೂರು ಅಳತೆಯಲ್ಲಿ ಮಾಡಿಸಿ ನೋಡೋಣ ಅಂದೆ. ಒಪ್ಪಿಕೊಂಡುಬಿಟ್ಟರು! ಹತ್ತು ದಿನದಲ್ಲಿ ಹದಿನೆಂಟು ವಾಚಿಗೆ ಹೊಸ ಉಂಗುರ. ಕುಲುಕುವುದಕ್ಕೆ ನಿನ್ನ ಬೀದಿ ಇಲ್ಲವಲ್ಲ? ಅಂಗಳದಲ್ಲಿ ಒಡೆದ ಇಟ್ಟಿಗೆ ಹರಡಿದೆವು. ಸೈಕಲ್ಲಿನ ಹಿಡಿಗೆ ಹಲಗೆ ಕಟ್ಟಿ, ಹಲಗೆಗೆ ವಾಚುಗಳನ್ನು ಬಿಗಿದೆವು. ಮೊದಲ ಸವಾರಿ ಯಾರದು ಹೇಳು? ದುರ್ಬೀನಪ್ಪನವರದು! ಪ್ಯಾಂಟಿನ ಅಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಕೊಂಡು ಸುತ್ತು ಹೊಡೆದರು. ಇಡೀ ಕಾರ್ಖಾನೆ ಕಿಟಕಿಯಲ್ಲಿ. ಮೂರನೇ ಸುತ್ತಿಗೆ ದೊಡ್ಡ ಸಾಹೇಬರೂ ಕೋಟು ಕಳಚಿದರು. ನನಗೆ ಸೈಕಲ್ ಬರಲ್ಲ ಅಂದರೆ ಯಾರೂ ಕೇಳಲಿಲ್ಲ. ಎರಡು ಸಲ ಬಿದ್ದೆ, ಮೊಣಕಾಲು ತರಚಿತು. ಈಗ ಬರುತ್ತೆ!

ದಿನಕ್ಕೆ ಮೂರು ಗಂಟೆ, ಇಪ್ಪತ್ತು ದಿನ ಓಡಿಸಬೇಕು. ಬಿರುಗಾಳಿಗೆ ಎರಡು ವಾಚು ಕಳಿಸುತ್ತಿದ್ದೇನೆ, ಎರಡೂ ಕೈಗೆ ಕಟ್ಟು.

ನೀನು ಹೇಗಿದ್ದೀಯ? ಇಟ್ಟಿಗೆ ತೆಗೆದರಾ? ಡಾಕ್ಟರಮ್ಮ ಏನಂದರು? ನನ್ನದೇ ಬರೆದುಕೊಂಡೆ ನೋಡು.

ಗಡಿಬಿಡಿ

*

ಜೂನ್ 12

ಅಕ್ಕಾ,

ಪಾಸು!

ಹದಿನೆಂಟರಲ್ಲಿ ನಡುವಿನ ಅಳತೆಯ ಆರೂ ಅಲ್ಲಾಡಲಿಲ್ಲ. ದೊಡ್ಡ ಅಳತೆಯವು ಜಾರಿದವು, ಚಿಕ್ಕವು ಸರಿಸಲಾಗದಷ್ಟು ಬಿಗಿ. ಬಿರುಗಾಳಿಯ ಎರಡೂ ಕೈ ಲೆಕ್ಕ ನಿನ್ನೆ ಬಂತು, ಮೂರು ಸೆಕೆಂಡಿನ ಒಳಗೆ! ಸಭೆಯಲ್ಲಿ ನಕ್ಷೆ ತೋರಿಸಿದವಳು ನಾನೇ. ಒಬ್ಬರು ಸಾಹೇಬರು, "ಹಿಂದಿನ ಲೆಕ್ಕ ಇನ್ನೂ ಚೆನ್ನಾಗಿತ್ತಲ್ಲ?" ಅಂದರು. ದುರ್ಬೀನಪ್ಪ ಎದ್ದು ನಿಂತು, "ಅದು ಮಲಗಿದ್ದ ವಾಚು ಸಾರ್, ಇದು ಓಡಾಡಿದ್ದು. ಮಲಗಿದೆ ಅಂತ ಕಂಡುಹಿಡಿದೋಳೂ ಇವಳೇ" ಅಂದರು.

ನಾನು ಹಳೆಯ ಮೇಜಿಗೆ ಬಂದೆ. ಕಾಯಂ ಆಯಿತು. ಜುಲೈ ಕೊನೆಯ ಹೊತ್ತಿಗೆ ಮೊದಲ ಸಾವಿರ ಹೊರಗೆ ಬರಬೇಕು. ಆಗಸ್ಟ್ ಹತ್ತರಿಂದ ರಜೆ ಬರೆದುಕೊಟ್ಟಿದ್ದೇನೆ. ಡಾಕ್ಟರಮ್ಮ ಆಗಸ್ಟ್ ಹದಿನೆಂಟು ಅಂದಿದ್ದಾರಲ್ಲ, ಅಮ್ಮನೂ ನಾನೂ ಒಂದು ವಾರ ಮುಂಚೆಯೇ ಬಂದು ಕೂರುತ್ತೇವೆ. ನೀನು ಅಮ್ಮನಿಗೆ ಬರೆದ ಕಾಗದ ಮೊನ್ನೆ ಬಂತು. ಅಮ್ಮ ಓದಿ, "ಅಯ್ಯೋ, ಹೌದಾ!" ಅಂತ ಎಷ್ಟು ಚೆನ್ನಾಗಿ ಆಶ್ಚರ್ಯಪಟ್ಟರು ಅಂದರೆ ನಾನೂ ನಂಬಿಬಿಟ್ಟೆ.

ಗಡಿಬಿಡಿ

*

ಜುಲೈ 30
ಆಸ್ಪತ್ರೆ, ಕಿಟಕಿ ಪಕ್ಕದ ಮಂಚ

ಪುಟ್ಟಾ,

ರಜೆಯ ಚೀಟಿ ಹರಿದು ಹಾಕಿ ಇವತ್ತೇ ಹೊರಡು. ಹುಡುಗಿ. ನಿನ್ನೆ ಬೆಳಿಗ್ಗೆ.

ಇಪ್ಪತ್ತು ದಿನ ಮುಂದೆ ಓಡಿ ಬಂದಿದ್ದಾಳೆ. ನಿಮ್ಮ ಕಾರ್ಖಾನೆಯಲ್ಲಾದರೆ ಪಾಸಾಗುತ್ತಿರಲಿಲ್ಲ. ಡಾಕ್ಟರಮ್ಮ ತೂಕ ಹಾಕಿ, ಎದೆಗೆ ಕೊಳವೆ ಇಟ್ಟು ಕೇಳಿ, "ಎಲ್ಲ ಮಿತಿಯೊಳಗೇ ಇದೆ" ಅಂದರು. ಎರಡೂಮುಕ್ಕಾಲು ಕಿಲೋ. ಉಗುರು ಕೂಡ ಬೆಳೆದಿದೆ. ನಿನ್ನ ಭಾವ ನೋಡಲು ಬಂದು ನೋಡದೆ ಗೋಡೆ ಕಡೆ ತಿರುಗಿ ನಿಂತಿದ್ದಾರೆ, ಅಳು ಕಾಣಬಾರದು ಅಂತ. ಬಿರುಗಾಳಿ ಚೀಲದ ಸಮೇತ ವಾರ್ಡಿಗೇ ನುಗ್ಗಿ ಬೈಸಿಕೊಂಡಳು. ಇಡೀ ಬೀದಿಗೆ ಕಾಗದದ ಜೊತೆ ಈ ಸುದ್ದಿಯನ್ನೂ ಹಂಚುತ್ತಿದ್ದಾಳಂತೆ.

ಹುಟ್ಟಿದ ಹೊತ್ತು ಎಷ್ಟು ಅಂತ ನೀನು ಕೇಳಿಯೇ ಕೇಳುತ್ತೀಯ. ನರ್ಸಮ್ಮ ಒಂಬತ್ತೂ ಹತ್ತು ಅನ್ನುತ್ತಾರೆ. ಡಾಕ್ಟರಮ್ಮ ಒಂಬತ್ತೂ ಕಾಲು ಅಂತ ಬರೆದಿದ್ದಾರೆ. ಹೊರಗೆ ಬೆಂಚಿನ ಮೇಲಿದ್ದ ನಿನ್ನ ಭಾವನ ಲೆಕ್ಕದಲ್ಲಿ ಒಂಬತ್ತೂವರೆ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ನಾನು ನೋಡಲಿಲ್ಲ ಪುಟ್ಟಾ. ಅವಳು ಅಳುತ್ತಿದ್ದಳು, ಎರಡೂ ಕೈ ಬೀಸಿಕೊಂಡು, ಇಡೀ ಆಸ್ಪತ್ರೆಗೆ ಕೇಳುವ ಹಾಗೆ.

ಅಕ್ಕ